ಹೆದರಿಕೆಯ ಫೋಟೋ ತೆಗೆದವರು

ಭದ್ರಾವತಿಯವರು ತಲೆಯ ಕಾಯಿಲೆಯ ಮಾತ್ರೆಗಳನ್ನು ಶಿವಮೊಗ್ಗಕ್ಕೆ ಹೋಗಿ ಕೊಳ್ಳುತ್ತಾರೆ. ಶಿವಮೊಗ್ಗದವರು ಭದ್ರಾವತಿಗೆ ಬಂದು ಕೊಳ್ಳುತ್ತಾರೆ. ಎರಡೂ ಊರಿನಲ್ಲಿ ಸಿಗುವುದು ಅದೇ ಮಾತ್ರೆ, ಅದೇ ದರ. ಆದರೂ ಬಸ್ ಚಾರ್ಜು ಕೊಟ್ಟುಕೊಂಡು ಓಡಾಡುತ್ತಾರೆ. ತಮ್ಮೂರಿನ ಮೆಡಿಕಲ್ ಶಾಪಿನ ಮುಂದೆ ಪರಿಚಯದವರು ಯಾರಾದರೂ ನೆಗಡಿಗೋ ಕೆಮ್ಮಿಗೋ ಬಂದು ನಿಂತಿರಬಹುದಲ್ಲ, ಆ ಭಯ. ಭದ್ರಾವತಿಯ ಜನ್ನಾಪುರದಲ್ಲಿ ಬಹಳ ಕಾಲದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ನನಗೆ ಇದು ವ್ಯಾಪಾರದ ಮೊದಲ ಪಾಠ. ಚೀಟಿ ನೋಡಬೇಕು, ಮುಖ ನೋಡಬಾರದು. ಮಾತ್ರೆಯ ಹೆಸರನ್ನು ಜೋರಾಗಿ ಓದಬಾರದು. ಪೇಪರಿನಲ್ಲಿ ಸುತ್ತಿ ಕೊಡಬೇಕು. ಅಂಗಡಿಯ ಹೊರಗೆ ಎಲ್ಲಿ ಎದುರಾದರೂ ಗುರುತು ಹಿಡಿಯಬಾರದು. ಒಮ್ಮೆ ಶಿವಮೊಗ್ಗದ ಒಂದು ಮದುವೆಯಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರು ಪಕ್ಕದ ಎಲೆಗೇ ಬಂದು ಕೂತು, "ತಮ್ಮದು ಯಾವೂರಾಯ್ತು?" ಎಂದು ಕೇಳಿದರು. ನಾನು ಹೇಳಿದೆ, ಅವರದನ್ನೂ ಕೇಳಿದೆ. ಇಬ್ಬರೂ ಹೋಳಿಗೆ ತಿಂದು ಎದ್ದು ಕೈ ತೊಳೆದೆವು.

ಅಂಥ ಗಿರಾಕಿಗಳಲ್ಲಿ ಒಬ್ಬರು, ಶಿವಮೊಗ್ಗದ ವಿದ್ಯಾನಗರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು, ಈಚೆಗೆ ತೀರಿಕೊಂಡರು. ನಿದ್ದೆಯಲ್ಲೇ ಹೃದಯ ನಿಂತಿತಂತೆ. ಅವರ ಮಗಳು ಫೋನ್ ಮಾಡಿ ತಿಳಿಸಿದಳು. ಈ ಸಾವಿಗೂ ಅವರ ತಲೆಯ ಕಾಯಿಲೆಗೂ ಸಂಬಂಧವಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ತಿರುಗುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಅಂಗಡಿಯ ಕಾನೂನು ಗಿರಾಕಿ ಸತ್ತ ಕೂಡಲೇ ಮುರಿಯುವಂಥದ್ದಲ್ಲ.

ಅವರ ಬಗ್ಗೆ ಹೇಳುವ ಮೊದಲು ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಮೊದಲಿನಿಂದಲೂ ಪುಕ್ಕಲ. ಹಲ್ಲಿ ಮೈಮೇಲೆ ಬಿದ್ದರೆ ಬೀದಿಗೆ ಕೇಳುವಂತೆ ಕೂಗುತ್ತೇನೆ. ಇಂಜೆಕ್ಷನ್ ಮಾರುತ್ತೇನೆಯೇ ಹೊರತು ಚುಚ್ಚುವುದನ್ನು ನೋಡಲಾರೆ. "ಅಂಗಡಿಗೆ ಕಳ್ಳ ನುಗ್ಗಿದ್ರೂ ನಿಮ್ಮ ಮುಖ ನೋಡಿದ್ರೆ ಅವನೇ ನೀರು ಕುಡಿಸಿ ಹೋಗ್ತಾನೆ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಂಥವನ ಅಂಗಡಿಗೆ ಆ ಮನುಷ್ಯ ಮೊದಲ ಸಲ ಬಂದಾಗ ನನಗೆ ಹೇಗಾಗಿರಬೇಡ! ಬಾಗಿಲಿಗೆ ಅಡ್ಡ ನಿಂತರೆ ಅಂಗಡಿ ಕತ್ತಲಾಗುವಷ್ಟು ದೊಡ್ಡ ಆಳು. ಮೈಮೇಲೆ ಎಲ್ಲಿ ನೋಡಿದರಲ್ಲಿ ಜೇಬುಗಳಿರುವ ಒಂದು ಕೋಟು. ಚೀಟಿ ನೋಡಿದೆ, ಯಾವ ಮಾತ್ರೆ ಎಂದು ತಿಳಿಯಿತು, ಮುಖ ನೋಡದೆ ತೆಗೆಯಲು ತಿರುಗುವುದರಲ್ಲಿದ್ದೆ. ಆತ ಕೌಂಟರಿನ ಮೇಲಿಂದ ಕೈ ಚಾಚಿ ಎರಡು ಬೆರಳಲ್ಲಿ ನನ್ನ ಗದ್ದ ಹಿಡಿದರು. ಕತ್ತು ಹಿಸುಕುತ್ತಾರೆ ಎಂದುಕೊಂಡು ನಾನು ಕಣ್ಣು ಮುಚ್ಚಿಬಿಟ್ಟೆ.

"ಗದ್ದ ಒಂಚೂರು ಕೆಳಗೆ ಬಿಡಿ ಸಾರ್," ಅಂದರು. "ಇಷ್ಟು ಎತ್ಕೊಂಡು ನಿಂತ್ರೆ ಕತ್ತು ನೋವು ಬರುತ್ತೆ. ತಪ್ಪು ತಿಳೀಬೇಡಿ, ನಂದು ಫೋಟೋ ಸ್ಟುಡಿಯೋ. ಕೈ ಸುಮ್ನಿರಲ್ಲ."

ಅವರ ಕೈ ಎಲ್ಲರ ಗದ್ದವನ್ನೂ ಹಾಗೆ ಹಿಡಿಯುತ್ತಿತ್ತು ಎಂದು ಆಮೇಲೆ ಗೊತ್ತಾಯಿತು. ಬಸ್ಸಿನ ಕಂಡಕ್ಟರನನ್ನೂ ಬಿಡುತ್ತಿರಲಿಲ್ಲ. ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದವರು ನಗಲೂ ಬಾರದು, ಗಂಟು ಮುಖವೂ ಇರಬಾರದು. ಅದಕ್ಕೆ ಅವರದ್ದೊಂದು ಉಪಾಯವಿತ್ತು. "ಮನೇಲಿ ಗ್ಯಾಸ್ ಆಫ್ ಮಾಡಿದೀನೋ ಇಲ್ವೋ ಅಂತ ಯೋಚ್ನೆ ಮಾಡಿ" ಅನ್ನುತ್ತಿದ್ದರು. ಒಂದು ಗಳಿಗೆಯಲ್ಲಿ ಮುಖ ಸರ್ಕಾರಕ್ಕೆ ಬೇಕಾದ ಹಾಗೆ ಆಗಿಬಿಡುತ್ತಿತ್ತು. ಕುಂಸಿಯಿಂದ ಪಿಂಚಣಿಯ ಫೋಟೋಕ್ಕೆಂದು ಬಂದ ಅಜ್ಜಿಯೊಬ್ಬರು ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಡುಗುತ್ತಿದ್ದರಂತೆ. ಇವರು ಕ್ಯಾಮೆರಾವನ್ನೇ ಅಜ್ಜಿಯ ಕೈಗೆ ಕೊಟ್ಟು, "ಮೊದ್ಲು ನೀವು ನಂದು ತೆಗೀರಿ, ನಾನು ಸಾಯ್ತೀನಾ ನೋಡಾಣ" ಎಂದು ಎದುರು ಕೂತರು. ಅಜ್ಜಿ ತೆಗೆದ ಫೋಟೋದಲ್ಲಿ ಕೋಟು ಪೂರ್ತಿ ಬಂದಿತ್ತು, ತಲೆ ಬಂದಿರಲಿಲ್ಲ. ಅದನ್ನು ಕಟ್ಟು ಹಾಕಿಸಿ ಸ್ಟುಡಿಯೋದ ಗೋಡೆಗೆ ನೇತುಹಾಕಿದ್ದರು. "ನನ್ನ ಫೋಟೋಗಳಲ್ಲೆಲ್ಲ ಇದೇ ಚೆನ್ನಾಗಿ ಬಂದಿರೋದು ಮಾರಾಯ್ರೆ," ಎಂದು ತೋರಿಸುತ್ತಿದ್ದರು. "ತಲೆ ಇದ್ರೆ ತಾನೆ ತೊಂದ್ರೆ."

ನಾನು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಅವರ ಎದುರು ನಗಬಹುದೋ ಬಾರದೋ ತಿಳಿಯುತ್ತಿರಲಿಲ್ಲ.

ಕೆಲವು ತಿಂಗಳು ಹೀಗೆ ಬಂದು ಹೋದ ಮೇಲೆ ಒಂದು ದಿನ, "ಈ ಮಾತ್ರೆ ಯಾವುದಕ್ಕೆ ಅಂತ ಗೊತ್ತಾ ಸಾರ್?" ಎಂದು ಕೇಳಿದರು. ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿದೆ. "ನಿದ್ದೆಗೆ" ಅಂದೆ.

"ನಿದ್ದೆಗಲ್ಲ. ಸ್ಕಿಜೋಫ್ರೇನಿಯಾಕ್ಕೆ." ಮಗುವಿಗೆ ಗ್ರೈಪ್ ವಾಟರ್ ಕೊಳ್ಳುತ್ತಿದ್ದ ಹೆಂಗಸು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದರು. ನನ್ನ ಅಂಗಡಿಯಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದವರು ಅವರೇ ಮೊದಲು. ನಾನು ಕೈ ಜೋಡಿಸಿ ಮೆಲ್ಲಗೆ ಅನ್ನುವಂತೆ ಸನ್ನೆ ಮಾಡಿದೆ. ಅವರು ನನ್ನ ಮುಖವನ್ನೇ ನೋಡುತ್ತಾ, "ಇದೇ, ಈ ಮುಖ ನಂಗೆ ಬೇಕು" ಅಂದರು.

ಪಕ್ಕದ ಹೋಟೆಲಿನಿಂದ ಟೀ ತರಿಸಿ, ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ವಿಷಯ ಹೇಳಿದರು. ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿದ್ದದ್ದು ಅವರು ಮತ್ತು ಕಾಲೇಜಿಗೆ ಹೋಗುವ ಒಬ್ಬಳೇ ಮಗಳು. ಆ ಮಗಳು ಪ್ರೈಮರಿ ಶಾಲೆಯಲ್ಲಿದ್ದಾಗ ಇವರಿಗೆ ಕಾಯಿಲೆ ಶುರುವಾಗಿತ್ತು. ಕಾಯಿಲೆ ಎಂದು ಆಗ ಗೊತ್ತಿರಲಿಲ್ಲ. ಗೋಡೆಯ ಆಚೆಯಿಂದ ಯಾರೋ ಮಾತಾಡುತ್ತಿದ್ದರು, ಮನೆಗೆ ಬರುವ ಹಾಲಿಗೆ ವಿಷ ಬೆರೆಸಿದ್ದೇವೆ ಎಂದು ಹೇಳುತ್ತಿದ್ದರು, ಅಷ್ಟೇ ಗೊತ್ತಿದ್ದದ್ದು.

"ಸಂಜೆ ಅವಳು ಲೋಟ ಬಾಯಿಗೆ ಇಟ್ಲು ಸಾರ್. ನಾನು ಹೊಡ್ದೆ. ಲೋಟಕ್ಕೆ ಅಂತ ಹೊಡ್ದಿದ್ದು, ಅವಳ ತುಟಿ ಒಡೀತು. ಎಷ್ಟು ಹೊಟ್ಟೆಗೆ ಹೋಯ್ತೋ ಅಂತ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡ್ಸೋಕೆ ನೋಡ್ದೆ. ಅವಳು ಕಿರುಚ್ತಾ ಇದ್ಲು. ನನ್ನ ಮನಸ್ಸಿಗೆ ನಾನು ಅವಳ ಜೀವ ಉಳಿಸಿದ್ದೆ. ಅವಳಿಗೆ, ಅಪ್ಪ ಸಾಯಿಸೋಕೆ ಬಂದ."

ಟೀ ಲೋಟವನ್ನು ಬೆಂಚಿನ ಕೆಳಗೆ ಇಟ್ಟರು.

"ಅಡುಗೆ ಮಾಡಿ ಬಡಿಸ್ತಾಳೆ. ಮಾತ್ರೆ ಎತ್ತಿ ಕೊಡ್ತಾಳೆ. ಎಲ್ಲಾ ಮಾಡ್ತಾಳೆ. ಆದ್ರೆ ಇವತ್ತಿಗೂ ನನಗೆ ಬೆನ್ನು ಹಾಕಿ ಕೂರಲ್ಲ. ತಟ್ಟೆ ತಗೊಂಡು ಹೋಗೋವಾಗ್ಲೂ ಹಿಂದ್ ಹಿಂದಕ್ಕೇ ಹೋಗ್ತಾಳೆ. ನಂಗೆ ಅವತ್ತು ಹೆಂಗೆ ಕಾಣಿಸ್ತಿತ್ತು ಅಂತ ಹೇಳೋಕೆ ಹೋದ್ರೆ 'ಹೂಂ ಅಪ್ಪ' ಅಂತಾಳೆ. ಆ ಹೂಂ ಅನ್ನೋದೂ ಹೆದರಿಕೆಗೇ. ಅದಕ್ಕೇ ಫೋಟೋದಲ್ಲಿ ತೋರಿಸ್ತೀನಿ. ನನಗೆ ಬರೋದು ಅದೊಂದೇ ಕೆಲ್ಸ. ಒಂದೊಂದನ್ನೂ ನಾಟಕದ ಹಂಗೆ ಜೋಡಿಸಿ ತೆಗೀತೀನಿ. ಅವಳು ಒಂದ್ಸಲ ನನ್ನ ಜಾಗದಲ್ಲಿ ನಿಂತು ನೋಡ್ಲಿ. ನನ್ನ ಮೇಲಿನ ಹೆದರಿಕೆ ಬಿಡ್ಲಿ."

"ಅದಕ್ಕೆ ನಾನ್ಯಾಕೆ?" ಅಂದೆ.

"ಕ್ಯಾಮೆರಾ ಮುಂದೆ ಎಲ್ರೂ ಹೆದರಿಕೆ ಮುಚ್ಕೋತಾರೆ. ನಿಮಗೆ ಮುಚ್ಚೋಕೆ ಬರಲ್ಲ. ಆಮೇಲೆ, ಶಿವಮೊಗ್ಗದಲ್ಲಿ ನಿಮ್ಮ ಗುರುತು ಇದ್ದೋರೂ ಬಾಯಿಬಿಟ್ಟು ಹೇಳಲ್ಲ."

ಬೇಡ ಎನ್ನಲು ನನಗೆ ಇನ್ನೂ ಹೆದರಿಕೆಯಾಯಿತು. ಹೆಂಡತಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದರೆ, ಹಾಲಿನ ವಿಷಯ ಕೇಳಿ, "ಹೋಗಿ ಬನ್ನಿ. ಬಾಗಿಲ ಹತ್ರಾನೇ ಕೂತ್ಕೊಳ್ಳಿ" ಅಂದಳು.

ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಬಸ್ಸು ಹತ್ತುತ್ತಿದ್ದೆ. ಸ್ಟುಡಿಯೋ ಅವರ ಮನೆಯ ಕೆಳಗೇ ಇತ್ತು, ಒಳಗಿನಿಂದಲೇ ಮೇಲಕ್ಕೆ ಮೆಟ್ಟಿಲು. ಮೊದಲ ದಿನ ಹೋದಾಗ, ಮದುವೆ ಮನೆಯಲ್ಲಿ ಗ್ರೂಪ್ ಫೋಟೋಕ್ಕೆ ಜೋಡಿಸುವ ಹಾಗೆ ಕುರ್ಚಿಗಳನ್ನು ಮೂರು ಸಾಲು ಹಾಕಿದ್ದರು. ಹಿಂದಿನ ಸಾಲು ಬೆಂಚುಗಳ ಮೇಲೆ. ನಡುಮಧ್ಯದ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಇನ್ನು ಯಾರು ಬರಬೇಕು ಎಂದು ಕೇಳಿದೆ. "ಎಲ್ರೂ ಬಂದಿದಾರೆ" ಅಂದರು.

ಕ್ಯಾಮೆರಾದ ಹಿಂದೆ ನಿಂತು ಕೈ ಎತ್ತಿ ಹೇಳತೊಡಗಿದರು. "ಹಿಂದಿನ ಸಾಲಿನವರು ಸ್ವಲ್ಪ ಒತ್ಕೊಳ್ಳಿ. ಅಜ್ಜಿ, ಈ ಕಡೆ ನೋಡಿ. ಯಾರದು ಮಾತಾಡ್ತಿರೋದು? ಸುಮ್ನಿರಿ. ಅವರ ಕಿವೀಲಿ ಹೇಳಬೇಡಿ, ಹೇಳೋದಿದ್ರೆ ಗಟ್ಟಿಯಾಗಿ ಹೇಳಿ." ಒಂದು ಚೂರೂ ನಗುವಿಲ್ಲ. ಮದುವೆಯ ದಿನ ಬೀಗರನ್ನು ನಿಲ್ಲಿಸುವಾಗ ಇರುವ ಅದೇ ದನಿ, ಅದೇ ಗಡಿಬಿಡಿ. ಅವರ ಕಣ್ಣು ನನ್ನ ಎಡ ಭುಜದ ಹಿಂದೆ ಒಂದು ಕಡೆ ನಿಂತು, ಅಲ್ಲಿಂದ ನಿಧಾನಕ್ಕೆ ಬಲಗಡೆಗೆ ಸರಿಯಿತು. ಯಾರೋ ನನ್ನ ಬೆನ್ನ ಹಿಂದೆ ಜಾಗ ಬದಲಿಸಿದಂತೆ. ನನ್ನ ಕತ್ತಿನ ಹಿಂದೆ ಉಸಿರು ತಾಗಿತು. ಫ್ಯಾನಿನ ಗಾಳಿ ಎಂದು ನನಗೆ ಗೊತ್ತು. ಆದರೂ ತಿರುಗಿ ನೋಡಲು ಧೈರ್ಯ ಬರಲಿಲ್ಲ, ನೋಡದೆ ಕೂರಲೂ ಆಗಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡೆ, ಕ್ಯಾಮೆರಾದ ಸದ್ದಾಯಿತು.

"ಸಾರ್, ನೀವು ಆ್ಯಕ್ಟ್ ಮಾಡ್ತಿದೀರಿ ತಾನೆ?" ನನ್ನ ದನಿ ನನಗೇ ಕೇಳದಷ್ಟು ಸಣ್ಣಗೆ ಬಂತು.

ಕ್ಯಾಮೆರಾ ಕೆಳಗಿಳಿಸಿದರು. "ಇವತ್ತು ಆ್ಯಕ್ಟು. ಮಾತ್ರೆ ತಗೊಂಡಿದೀನಿ. ಕುರ್ಚಿ ಎಲ್ಲಾ ಖಾಲಿ ಇವೆ ಮಾರಾಯ್ರೆ. ಆದ್ರೆ ನಿಮ್ಮ ಬೆನ್ನಿಗೆ ಆಗಿದ್ದು ನಿಜ ಅಲ್ವಾ?"

ಆ ಫೋಟೋವನ್ನು ಮನೆಗೆ ತಂದು ತೋರಿಸಿದೆ. ಖಾಲಿ ಕುರ್ಚಿಗಳ ನಡುವೆ ಕಿವಿ ಮುಚ್ಚಿಕೊಂಡು ಕೂತ ನನ್ನನ್ನು ನೋಡಿ ಹೆಂಡತಿ ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ಮಗುಚಿಟ್ಟು ಒಳಗೆ ಹೋದಳು.

ಇನ್ನೊಂದು ಭಾನುವಾರ ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ರಾಶಿ ತೆಗೆದು ಕಣ್ಣುಗಳನ್ನಷ್ಟೇ ಕತ್ತರಿಸಿ ಬಾಚಣಿಗೆಗೆ, ನಲ್ಲಿಗೆ, ಕನ್ನಡಿಗೆ, ತಟ್ಟೆಯಲ್ಲಿದ್ದ ಇಡ್ಲಿಗೆ ಅಂಟಿಸಿದರು. ಸ್ಟುಡಿಯೋದಲ್ಲಿ ಗಿರಾಕಿಗಳು ಬಿಟ್ಟುಹೋದ ಫೋಟೋಗಳು ಡಬ್ಬಗಟ್ಟಲೆ ಇದ್ದವು. ಅವನ್ನು ಮುಟ್ಟಲಿಲ್ಲ. "ಅದು ಅವರು ಪಾಸ್‌ಪೋರ್ಟಿಗೆ ಅಂತ ಕೊಟ್ಟ ಮುಖ, ಇದಕ್ಕೆ ಬಳಸೋ ಹಂಗಿಲ್ಲ" ಅಂದರು. ಹೀಗಾಗಿ ನನ್ನನ್ನು ಎಲ್ಲ ಕಡೆಯಿಂದಲೂ ನೋಡುತ್ತಿದ್ದದ್ದು ನನ್ನವೇ ಕಣ್ಣುಗಳು. ಅವು ನನಗಿಂತ ಹೆಚ್ಚು ಹೆದರಿದ್ದವು. ಆ ವಾರವೆಲ್ಲ ನಾನು ಮುಖಕ್ಕೆ ಸೋಪು ಹಚ್ಚುವಾಗ ಕಣ್ಣು ಮುಚ್ಚಲಿಲ್ಲ, ಉರಿದರೂ.

ಒಂದೇ ಒಂದು ಸಲ ಶೂಟಿಂಗು ನಮ್ಮ ಜನ್ನಾಪುರದಲ್ಲೇ ಆಯಿತು. ತಲೆಯ ಮೇಲೆ ಮೈಕಿನ ಹಾರ್ನ್ ಕಟ್ಟಿದ ಅನೌನ್ಸ್‌ಮೆಂಟ್ ಆಟೋ ಬಾಡಿಗೆಗೆ ತಂದು, ನನ್ನನ್ನು ಹಿಂದೆ ಮಾತಾಡದಂತೆ ಕೂರಿಸಿ, ಬೀದಿಯವರನ್ನೆಲ್ಲ ನನ್ನ ಕಡೆಗೆ ತಿರುಗಿ ನೋಡಲು ಕೇಳಿಕೊಂಡರು. ಮನಸ್ಸಿನಲ್ಲಿ ಅಂದುಕೊಂಡದ್ದೆಲ್ಲ ಊರಿಗೇ ಕೇಳಿಸುತ್ತಿದೆ ಎಂದು ಈ ಕಾಯಿಲೆಯಲ್ಲಿ ಅನ್ನಿಸುತ್ತದಲ್ಲ, ಅದು. ಕಿರಾಣಿ ಅಂಗಡಿಯವರು, "ಏನಣ್ಣಾ, ವಾರ್ಡಿಗೆ ನಿಂತ್ಕೊಂಡ್ರಾ? ಯಾವ ಪಾರ್ಟಿ?" ಎಂದು ಕೂಗಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಷ್ಟೂ ಮುಖಗಳು ಒಮ್ಮೆಲೇ ನನ್ನತ್ತ ತಿರುಗಿ ಸುಮ್ಮನಾದಾಗ, ಇವರ ಬಗ್ಗೆ ಕೆಟ್ಟದ್ದೇನೂ ಯೋಚಿಸಬಾರದು ಎಂದುಕೊಂಡೆ. ಅಂದುಕೊಂಡ ಕೂಡಲೇ ಬರೀ ಅದೇ ಬರತೊಡಗಿತು. ಕಿರಾಣಿಯವರ ತಕ್ಕಡಿ, ಎದುರು ಮನೆಯವರ ಜಗಳ, ಬಾಯಲ್ಲಿ ಆಡಲಾಗದ್ದೆಲ್ಲ. ತಲೆಯ ಮೇಲಿನ ಹಾರ್ನಿಗೆ ವೈರೇ ಹಾಕಿಲ್ಲವೆಂದು ತಿಳಿದಿದ್ದೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಅದೇ ಅವರಿಗೆ ಬೇಕಾದ ಫೋಟೋ ಆಗಿತ್ತು.

ಮಗಳನ್ನು ನಾನು ಆಗಾಗ ನೋಡುತ್ತಿದ್ದೆ. ಟೀ ತಂದು ಕೊನೆಯ ಮೆಟ್ಟಿಲ ಮೇಲೆ ತಟ್ಟೆ ಇಟ್ಟು, ಅಪ್ಪನ ಮೇಲೆ ಕಣ್ಣಿಟ್ಟುಕೊಂಡೇ ಹಿಂದಕ್ಕೆ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು. ಹಾಗೆ ಹತ್ತಿ ಹತ್ತಿ ಅವಳಿಗೆ ರೂಢಿಯಾಗಿತ್ತು. ಎಡವುತ್ತಿರಲಿಲ್ಲ. ಅವಳು ಹೋಗುವವರೆಗೂ ಅವರು ಲೆನ್ಸ್ ಒರೆಸುತ್ತಾ ತಲೆ ತಗ್ಗಿಸಿಕೊಂಡಿರುತ್ತಿದ್ದರು.

ತೆಗೆದ ಫೋಟೋಗಳನ್ನು ಅವಳಿಗೆ ಯಾವಾಗ ತೋರಿಸುತ್ತೀರಿ ಎಂದು ಕೇಳಿದರೆ, "ಹಾಲಿನದ್ದು ಆಗ್ಲಿ" ಅನ್ನುತ್ತಿದ್ದರು. "ಅದಿಲ್ದೆ ಉಳಿದಿದ್ದು ತೋರ್ಸಿದ್ರೆ ಎಕ್ಸಿಬಿಷನ್ ಆಗುತ್ತೆ ಅಷ್ಟೇ." ಆದರೆ ಹಾಲಿನದ್ದು ಆಗುತ್ತಲೇ ಇರಲಿಲ್ಲ. ಎಷ್ಟೋ ವಾರ ಅದೊಂದಕ್ಕೇ ಕಳೆದೆವು. ಕೆಳಗಿನಿಂದ ಲೈಟು ಹಾಕಿದರು. ನೀಲಿ ಗಾಜು ಹಿಡಿದರು. ಲೋಟವನ್ನು ಎತ್ತರಕ್ಕೆ ಇಟ್ಟು ನನ್ನನ್ನು ನೆಲದ ಮೇಲೆ ಕೂರಿಸಿದರು. ಪ್ರತಿ ಸಲವೂ ನೋಡಿ, "ಹಾಲು ಬರೀ ಹಾಲಾಗೇ ಕಾಣುತ್ತೆ" ಎಂದು ಬೇಸರಪಡುತ್ತಿದ್ದರು. ಕೊನೆಗೆ ಆ ಹಾಲಿನಲ್ಲೇ ಟೀ ಮಾಡಿ ಕುಡಿಯುತ್ತಿದ್ದೆವು.

ಆಮೇಲೆ ಒಂದು ತಿಂಗಳು ಅವರು ಮಾತ್ರೆಗೆ ಬರಲಿಲ್ಲ.

ಮೊದಲ ವಾರ, ಬೇರೆ ಕಡೆ ಕೊಂಡಿರಬಹುದು ಎಂದುಕೊಂಡೆ. ಭಾನುವಾರಕ್ಕೂ ಕರೆ ಬರಲಿಲ್ಲ. ಮಾತ್ರೆಯ ಗಿರಾಕಿಗೆ ಅಂಗಡಿಯವನು ತಾನಾಗಿ ಫೋನ್ ಮಾಡುವ ಪದ್ಧತಿ ಇಲ್ಲ. ಆ ಕಡೆ ಯಾರು ಎತ್ತುತ್ತಾರೋ, ಯಾರಿಗೆ ಏನು ಗೊತ್ತಿದೆಯೋ. ಡ್ರಾಯರಿನಲ್ಲಿ ಅವರಿಗೆಂದು ತೆಗೆದಿಟ್ಟ ಮಾತ್ರೆಯ ಪಟ್ಟಿ ಹಾಗೇ ಇತ್ತು. ಅವರಿಗೇನಾಯಿತೋ ಎನ್ನುವ ಭಯ ಒಂದು ಕಡೆ. ಅದಕ್ಕಿಂತ, ಮಾತ್ರೆ ಇಲ್ಲದ ಆ ದೊಡ್ಡ ಮನುಷ್ಯ ಮತ್ತು ಮೇಲಿನ ಮನೆಯಲ್ಲಿ ಒಬ್ಬಳೇ ಇರುವ ಆ ಹುಡುಗಿ, ಈ ಚಿತ್ರ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

"ಬೇಡದ್ದಕ್ಕೆಲ್ಲ ಹೆದರ್ತೀರಲ್ಲ ರೀ, ಇದಕ್ಕೊಂದು ಸರಿಯಾಗಿ ಹೆದರಿ. ಎದ್ದು ಹೋಗಿ ನೋಡ್ಕೊಂಡು ಬನ್ನಿ" ಎಂದಳು ಹೆಂಡತಿ. ನಾನು ಶರ್ಟು ಹಾಕಿಕೊಳ್ಳುವಷ್ಟರಲ್ಲಿ ಅವರದೇ ಫೋನ್ ಬಂತು. "ಸಿಕ್ತು ಮಾರಾಯ್ರೆ! ಹಾಲು ಸಿಕ್ತು. ಬೇಗ ಬನ್ನಿ." ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಕೇಳಿರಲಿಲ್ಲ. ಮಾತ್ರೆಯ ಪಟ್ಟಿಯನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಪುಕ್ಕಲರು ಕಥೆ ಹೇಳುವ ಕ್ರಮವೇ ಅದು. ಅವತ್ತು ಯಾರೂ ಸಾಯಲಿಲ್ಲ. ಸಂಜೆಗೆ ಅವರನ್ನು ಆಸ್ಪತ್ರೆಗೆ ಸೇರಿಸಿದೆವು, ಕೆಲವು ವಾರ ಅಲ್ಲಿದ್ದರು, ಹುಷಾರಾಗಿ ಬಂದರು. ಆಮೇಲೆ ಕೊನೆಯವರೆಗೂ ಮಾತ್ರೆ ತಪ್ಪಿಸಲಿಲ್ಲ. ಮತ್ತೆ ಮದುವೆಗಳನ್ನು ತೆಗೆದರು, ಕಂಡಕ್ಟರುಗಳ ಗದ್ದ ಹಿಡಿದರು. ಹಾಲಿನ ಫೋಟೋವನ್ನು ಮಾತ್ರ ಮತ್ತೆ ಪ್ರಯತ್ನಿಸಲಿಲ್ಲ. ಯಾಕೆಂದು ಹೇಳಬೇಕಾದರೆ ಆ ಮಧ್ಯಾಹ್ನದ ಬಗ್ಗೆ ಬರೆಯಲೇಬೇಕು.

ಸ್ಟುಡಿಯೋದ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಕನ್ನಡಿಗಳಿಗೆಲ್ಲ ನ್ಯೂಸ್ ಪೇಪರ್ ಅಂಟಿಸಿದ್ದರು. ಫ್ಯಾನು ನಿಲ್ಲಿಸಿದ್ದರು. ಗಡ್ಡ ಬೆಳೆದಿತ್ತು, ಆ ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ಹಾಕಿಕೊಂಡಿದ್ದರು. ಮೇಜಿನ ಮೇಲೆ ಒಂದು ಲೋಟ ಹಾಲು, ಅದರ ಮೇಲೊಂದು ಲೈಟು. ನನ್ನನ್ನು ಬನ್ನಿ ಎಂದದ್ದೂ ಹಾಲಿನ ಮೇಲಿನ ಕಣ್ಣು ತೆಗೆಯದೆಯೇ.

"ಮಾತ್ರೆ?" ಅಂದೆ.

"ಬಿಟ್ಟೆ. ಮಗಳಿಗೆ ನಾನೇ ತಗೋತಿದೀನಿ ಅಂತ ಹೇಳಿದೀನಿ. ಮಾತ್ರೆ ತಗೊಂಡ್ರೆ ಅದು ಬರೀ ಹಾಲು ಮಾರಾಯ್ರೆ. ಅವತ್ತು ಹೆಂಗೆ ಕಂಡಿತ್ತು ಅಂತ ನೆನಪೇ ಆಗಲ್ಲ. ಈಗ ನೋಡಿ. ನಿಮಗೂ ಗೊತ್ತಾಗುತ್ತೆ."

ನೋಡಿದೆ. ಅದು ಹಾಲು. ಕೆನೆ ಕಟ್ಟಿತ್ತು. ಆದರೂ ಹತ್ತಿರ ಹೋಗಲು ಕಾಲು ಬರಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಮೊದಲು ಇದನ್ನು ತಗೊಳ್ಳಿ ಎಂದು ಕೇಳಿಕೊಂಡೆ. "ಒಂದೇ ಫೋಟೋ. ಆದ್ಮೇಲೆ ತಗೋತೀನಿ. ನನ್ನ ಮಗಳ ಆಣೆ" ಅಂದರು. ಫೋಟೋ ಬೇಗ ಮುಗಿದರೆ ಮಾತ್ರೆ ಬೇಗ ಹೊಟ್ಟೆಗೆ ಹೋಗುತ್ತದಲ್ಲ ಎಂದು ಒಪ್ಪಿಕೊಂಡೆ. ಕೂತೆ.

"ಲೋಟ ಎತ್ಕೊಳ್ಳಿ. ಬಾಯಿ ಹತ್ರ ತನ್ನಿ. ಇವತ್ತು ನೀವು ನಾನಲ್ಲ. ಇವತ್ತು ನೀವು ನನ್ನ ಮಗಳು."

ನರೆತ ಮೀಸೆಯ ನಾನು ಎರಡೂ ಕೈಯಲ್ಲಿ ಲೋಟ ಹಿಡಿದು, ಶಾಲೆಯಿಂದ ಬಂದ ಮಗುವಿನ ಹಾಗೆ ಬಾಯಿಯ ಹತ್ತಿರ ತಂದೆ. ಕ್ಯಾಮೆರಾದ ಸದ್ದು ಬರಲಿಲ್ಲ. ಇನ್ನಷ್ಟು ಹತ್ತಿರ ತಂದೆ, ತುಟಿಗೆ ತಾಗಿತು. ಕ್ಯಾಮೆರಾದ ಹಿಂದಿನಿಂದ "ಬೇಡ" ಎಂದು ಒಂದು ಸಣ್ಣ ದನಿ ಕೇಳಿತು. ಅದು ನನಗೆ ಹೇಳಿದ್ದೆಂದು ತಿಳಿಯುವಷ್ಟರಲ್ಲಿ ಅವರು ಮೇಜು ದಾಟಿ ಬಂದಿದ್ದರು.

ಲೋಟ ಎಲ್ಲಿ ಹಾರಿತೋ ಕಾಣಲಿಲ್ಲ. ತುಟಿ ಒಡೆಯಿತು, ಕುರ್ಚಿ ಉರುಳಿತು, ನಾನು ಬೆನ್ನ ಮೇಲೆ ಬಿದ್ದಿದ್ದೆ. ಅವರ ಮೊಣಕಾಲು ನನ್ನ ಎದೆಯ ಮೇಲೆ, ಬೆರಳು ನನ್ನ ಗಂಟಲಲ್ಲಿ. "ಉಗುಳು, ಉಗುಳು, ಎಷ್ಟು ಹೋಯ್ತು, ಉಗುಳು." ಉಸಿರು ಸಿಗಲಿಲ್ಲ. ಇಲ್ಲೇ ಸಾಯುತ್ತೇನೆ ಅನ್ನಿಸಿತು. ಬದುಕಿನಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ, ಹೆದರುವ ವಿಷಯದಲ್ಲಿ ನನ್ನ ಅನುಭವ ಸಣ್ಣದೇನಲ್ಲ. ಹೇಗೋ ಕೊಸರಿಕೊಂಡು ಕೂಗಿದೆ. ಆಗ ಅವರ ಬೆರಳು ಸಡಿಲಾಯಿತು, ಅವರ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿ ಕಾಣಿಸಿತು. ಅಳುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿದ್ದವು. ನನಗೆ ಇದ್ದ ಹೆದರಿಕೆಗಿಂತ ಹೆಚ್ಚಿನ ಹೆದರಿಕೆಯನ್ನು ನಾನು ಇನ್ನೊಬ್ಬರ ಮುಖದಲ್ಲಿ ನೋಡಿದ್ದು ಅವತ್ತೇ.

ಮೆಟ್ಟಿಲ ಮೇಲೆ ಮಗಳು ನಿಂತಿದ್ದಳು. ಯಾವಾಗ ಬಂದಳೋ. ನಾನು ಗೋಡೆಯ ಕಡೆಗೆ ತೆವಳಿಕೊಂಡು ಹೋಗಿ, "ಮೇಲೆ ಹೋಗಮ್ಮ, ಬಾಗ್ಲು ಹಾಕ್ಕೋ" ಅಂದೆ. ಅವಳು ಹೋಗಲಿಲ್ಲ. ಚೆಲ್ಲಿದ ಹಾಲನ್ನು ಕೋಟಿನ ತೋಳಿನಿಂದ ಒರೆಸಿ ಒರೆಸಿ ಹಿಂಡುತ್ತಿದ್ದ ಅಪ್ಪನನ್ನು ನೋಡುತ್ತಿದ್ದಳು.

"ಅಂಕಲ್, ಅವತ್ತೂ ಅಪ್ಪ ಹಿಂಗೇ ಇದ್ರಾ?"

"ನಾನಿರ್ಲಿಲ್ಲಮ್ಮ ಅವತ್ತು."

"ನಂಗೆ ಕೈ ಮಾತ್ರ ಕಾಣಿಸಿದ್ದು," ಅಂದಳು. "ಮುಖ ನೋಡ್ಲೇ ಇಲ್ಲ ನಾನು. ಅಪ್ಪಂಗೂ ಹೆದರಿಕೆ ಆಗಿತ್ತು ಅಂತ ಗೊತ್ತೇ ಇರ್ಲಿಲ್ಲ."

ಕೆಳಗಿಳಿದು ಬಂದಳು. ಬೇಡ ಎಂದು ನಾನು ಕೈ ಆಡಿಸಿದೆ. ಅವಳನ್ನು ಕಂಡು ಅವರು ಮೂಲೆಗೆ ಸರಿದರು. "ಪುಟ್ಟೀ, ಕುಡಿದ್ಯಾ? ಕುಡಿದ್ಬಿಟ್ಯಾ ನೀನು? ಎಷ್ಟು ಕುಡ್ದೆ?"

ಅವಳ ಕಾಲುಗಳು ನಡುಗುತ್ತಿದ್ದವು, ನಾನು ನೆಲದ ಮೇಲಿದ್ದದ್ದರಿಂದ ಚೆನ್ನಾಗಿ ಕಾಣುತ್ತಿತ್ತು. ಹಾಗೆ ನಡುಗುತ್ತಲೇ ಹೋಗಿ, ಹಾಲು ಚೆಲ್ಲಿದ ನೆಲದ ಮೇಲೆ ಅವರ ಎದುರಿಗೆ ಕೂತಳು. ಡಾಕ್ಟರಿಗೆ ತೋರಿಸುವ ಹಾಗೆ ಬಾಯಿಯನ್ನು ಅಗಲವಾಗಿ ತೆರೆದು ಅವರ ಮುಖದ ಹತ್ತಿರ ಹಿಡಿದಳು.

"ಇಲ್ಲ ಅಪ್ಪ. ಕುಡೀಲಿಲ್ಲ. ಒಂದು ಹನೀನೂ ಒಳಗೆ ಹೋಗ್ಲಿಲ್ಲ. ನೀವು ತಡೆದ್ರಲ್ಲ."

ಅವರು ಅವಳ ಬಾಯೊಳಗೆ ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿದರು.

"ಕೇಳಿದ್ರಾ ಮಾರಾಯ್ರೆ? ಇವಳು ಕುಡಿದಿಲ್ವಂತೆ."

"ಕೇಳಿಸ್ತು ಸಾರ್," ಅಂದೆ.